ಲೆಕ್ಕ ಕೇಳಿದೆ, ಮನೆಮಂದಿಯನ್ನು ಕೇಳಲಿಲ್ಲ

ಪಶ್ಚಿಮ ದಿಲ್ಲಿಯ ವಿಕಾಸಪುರಿ, ಉತ್ತಮ್ ನಗರಗಳ ಗಲ್ಲಿಗಳಲ್ಲಿ ಮ್ಯಾನ್ಮಾರ್‌ನ ಚಿನ್ ಜನ ಬಹಳ ವರ್ಷಗಳಿಂದ ಬಾಡಿಗೆ ಕೋಣೆಗಳಲ್ಲಿ ಬದುಕುತ್ತಿದ್ದಾರೆ. 1988ರ ಪ್ರಜಾಪ್ರಭುತ್ವ ಚಳವಳಿಯನ್ನು ಸೇನೆ ಹೊಸಕಿಹಾಕಿದ ಮೇಲೆ ಕೆಲವರು ಬಂದರು. 2021ರ ಫೆಬ್ರವರಿ 1ರಂದು ಸೇನೆ ಮತ್ತೆ ಅಧಿಕಾರ ಕಿತ್ತುಕೊಂಡಾಗ ಇನ್ನಷ್ಟು ಮಂದಿ ಬಂದರು. ಅವರಲ್ಲಿ ಬಹುಪಾಲು ಕ್ರೈಸ್ತರು. ಮಂಗಳೂರಿನ ಬಾಸೆಲ್ ಮಿಶನ್ ಪರಂಪರೆಯ ಸಭೆಯಲ್ಲಿ ಬೆಳೆದ ನನಗೆ ಅವರ ಭಾಷೆ ಬಾರದಿದ್ದರೂ ಅವರು ಹಾಡುವ ಎಷ್ಟೋ ಕೀರ್ತನೆಗಳ ರಾಗ ಗೊತ್ತಿತ್ತು. ಅಷ್ಟರಿಂದಲೇ ಅವರನ್ನು ಬಲ್ಲೆನೆಂದು ನಂಬಿಬಿಟ್ಟೆ.

ನಮ್ಮ ಪಕ್ಕದ ಕಟ್ಟಡದಲ್ಲಿ ಇಬ್ಬರು ಮಕ್ಕಳೊಂದಿಗೆ ಇದ್ದ ಹೆಣ್ಣುಮಗಳು ಥಂತ್ಲಾಂಗ್ ಪಟ್ಟಣದವಳು. 2021ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಮನೆಗಳು ಉರಿದಾಗ ಬೆಂಕಿ ಆರಿಸಲು ಓಡಿದ ಬ್ಯಾಪ್ಟಿಸ್ಟ್ ಸಭಾಪಾಲಕ ಕುಂಗ್ ಬಿಯಾಕ್ ಹುಮ್ ಗುಂಡೇಟಿಗೆ ಬಲಿಯಾದರು. ಊರಿಗೆ ಊರೇ ಖಾಲಿಯಾಯಿತು. ಇವಳು ಮಿಜೋರಾಂ ಮೂಲಕ ದಿಲ್ಲಿ ಸೇರಿದಳು. ತಾಯಿ, ಅಣ್ಣನ ಮಕ್ಕಳು ಗಡಿಯಾಚೆಯ ಹಳ್ಳಿಯೊಂದರಲ್ಲೇ ಉಳಿದರು. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲವಾದ್ದರಿಂದ ಅವಳಂಥವರಿಗೆ ಇಲ್ಲಿ ಕಾನೂನಿನ ಆಸರೆ ಕಡಿಮೆ. ಅವಳ ಬಳಿ ಆಧಾರ್ ಇರಲಿಲ್ಲ, ಹಾಗಾಗಿ ಬ್ಯಾಂಕ್ ಖಾತೆಯೂ ಇರಲಿಲ್ಲ. ಹೊಲಿಗೆ ಕೆಲಸದ ಕೂಲಿ ಬಾಡಿಗೆಗೇ ಸರಿಹೋಗುತ್ತಿತ್ತು.

ದಿಲ್ಲಿಯ ನಮ್ಮ ಸಭೆ ಆ ಕುಟುಂಬಕ್ಕೆ ತಿಂಗಳಿಗಿಷ್ಟು ಹಣ ಕೊಡಲು ತೀರ್ಮಾನಿಸಿ, ಹೊಣೆಯನ್ನು ನನಗೆ ಒಪ್ಪಿಸಿತು. ಸ್ವಲ್ಪ ಕಾಲದ ಮೇಲೆ ಆ ಹಣದ ಅರ್ಧದಷ್ಟನ್ನು ಅವಳು ತಾಯಿಗೆ ಕಳಿಸುತ್ತಿದ್ದಾಳೆಂದು ತಿಳಿಯಿತು. ನನಗೆ ಸಿಟ್ಟು ಬಂತು. "ಇದು ನಿನ್ನ ಮಕ್ಕಳ ಊಟಕ್ಕೆ ಕೊಟ್ಟದ್ದು. ನಾನು ಸಭೆಗೆ ಲೆಕ್ಕ ಒಪ್ಪಿಸಬೇಕು" ಎಂದೆ. ಅವಳು ತಲೆ ತಗ್ಗಿಸಿ, "ಸರಿ ದೀದಿ" ಎಂದಳು. ಮುಂದಿನ ತಿಂಗಳಿಂದ ಹಣ ನಿಲ್ಲಿಸಿ ಅಕ್ಕಿ, ಬೇಳೆ, ಎಣ್ಣೆಯ ಚೀಲ ಕೊಡತೊಡಗಿದೆ. ದಾನ ದಾರಿ ತಪ್ಪದಂತೆ ಕಾದೆನೆಂಬ ಸಮಾಧಾನ ನನಗಿತ್ತು.

ಆ ಚೀಲ ಏನಾಗುತ್ತಿತ್ತೆಂದು ಗೊತ್ತಾದದ್ದು ತಡವಾಗಿ, ಅದೂ ಗಲ್ಲಿಯ ಕಿರಾಣಿ ಅಂಗಡಿಯವನಿಂದ. ಎಣ್ಣೆ, ಬೇಳೆಯನ್ನು ಅವಳು ಅವನಿಗೇ ಕಡಿಮೆ ಬೆಲೆಗೆ ಮಾರುತ್ತಿದ್ದಳು. ಆ ಹಣ ಮಿಜೋರಾಂನ ಐಜಾಲಿನ ಪರಿಚಿತರಿಗೆ ತಲುಪಿ, ಅಲ್ಲಿಂದ ಗಡಿಯ ತಿಯಾವ್ ನದಿ ದಾಟಿ, ಕೈಯಿಂದ ಕೈಗೆ ಸಾಗಿ ತಾಯಿಯನ್ನು ಮುಟ್ಟುತ್ತಿತ್ತು. ನಡುವಿನವರು ತಮ್ಮ ಪಾಲು ಮುರಿದುಕೊಳ್ಳುತ್ತಿದ್ದರು. ಇಲ್ಲಿ ಕಡಿಮೆಬಿದ್ದದ್ದನ್ನು ತುಂಬಿಸಲು ಅವಳು ರಾತ್ರಿ ಸಂತೆ ಮುಗಿದ ಮೇಲೆ ವ್ಯಾಪಾರಿಗಳು ಬಿಟ್ಟುಹೋದ ತರಕಾರಿ ಆಯ್ದು ತರುತ್ತಿದ್ದಳು. ನನ್ನ ಎಚ್ಚರಿಕೆಯಿಂದ ಲಾಭವಾದದ್ದು ಅಂಗಡಿಯವನಿಗೆ. ನಷ್ಟ ಅವಳ ಮಕ್ಕಳಿಗೆ, ಆಚೆಯ ಮುದುಕಿಗೆ. ತಾಯಿಯನ್ನು ಉಪವಾಸ ಕೆಡವಿ ತಾನೊಬ್ಬಳೇ ಉಣ್ಣಲಾರದ ಮಗಳನ್ನು ನಾನು ಕದ್ದುಮುಚ್ಚಿ ಬದುಕುವಂತೆ ಮಾಡಿದ್ದೆ.

ಕೊರಿಂಥದವರಿಗೆ ಪೌಲ ಬರೆದ ಎರಡನೆಯ ಪತ್ರದ ಎಂಟನೆಯ ಅಧ್ಯಾಯವನ್ನು ಕಾಣಿಕೆಯ ಹೊತ್ತಿನಲ್ಲಿ ನಾನು ಎಷ್ಟೋ ಸಲ ಕೇಳಿದ್ದೇನೆ. ಮಕೆದೋನ್ಯದ ಸಭೆಗಳವರು ತಾವೇ ಕಡುಬಡತನದಲ್ಲಿದ್ದು, ಸಮುದ್ರದಾಚೆಯ ಯೆರೂಸಲೇಮಿನ ಬಡವರಿಗೆ ಹಣ ಕೂಡಿಸಿದರು. ಪೌಲ ಅವರನ್ನು ಮಾದರಿಯಾಗಿ ಎತ್ತಿ ತೋರಿಸಿದ. ಅದೇ ಕೆಲಸ ಮಾಡುತ್ತಿದ್ದ ಹೆಣ್ಣು ನನ್ನ ಎದುರಿಗಿದ್ದಾಗ ನಾನು ಗದರಿಸಿದೆ. ಹಣದ ವಿಷಯದಲ್ಲಿ ಪೌಲನೂ ಬಹಳ ಎಚ್ಚರದವನೇ. ಅಪವಾದ ಬರಬಾರದೆಂದು ಸಭೆಗಳು ಆರಿಸಿದವರನ್ನು ಜೊತೆಗೆ ಕಳಿಸಿದ. ಆದರೆ ಆ ಎಚ್ಚರಿಕೆ ಹಣ ಒಯ್ಯುವವರ ಮೇಲಿತ್ತು. ನಾನು ಅದನ್ನು ಪಡೆಯುವವಳ ಮೇಲೆ ಹೊರಿಸಿದ್ದೆ.

ಅವಳ ಕೋಣೆಗೆ ಹೋಗಿ ಕ್ಷಮೆ ಕೇಳಿದೆ. ಅವಳು ನನ್ನನ್ನು ದೂರಲಿಲ್ಲ. ಮೊಬೈಲ್‌ನಲ್ಲಿದ್ದ ತಾಯಿಯ ಫೋಟೋ ತೋರಿಸಿ, ಅಮ್ಮನ ಮಲೇರಿಯಾ ವಾಸಿಯಾಗಲೆಂದು ಪ್ರಾರ್ಥಿಸಲು ಕೇಳಿಕೊಂಡಳು. ಅಷ್ಟು ದಿನ ನೆರವು ಕೊಟ್ಟ ನನಗೆ ಆ ತಾಯಿಯ ಹೆಸರೇ ಗೊತ್ತಿರಲಿಲ್ಲ. ಅಂದು ಕೇಳಿ ತಿಳಿದುಕೊಂಡೆ.

ಮತ್ತೆ ಹಣವನ್ನೇ ಕೊಡಬೇಕೆಂದು ಸಭೆಯ ಮುಂದೆ ವಾದಿಸಿದೆ. ನನ್ನ ತಪ್ಪನ್ನೂ ಅಲ್ಲೇ ಹೇಳಿದೆ. ಸಭೆ ಒಪ್ಪಿತು. ನಿರಾಶ್ರಿತ ಕುಟುಂಬವನ್ನು ಕೈಹಿಡಿಯಲು ಹೊರಟವರಿಗೆ ನನ್ನದೊಂದು ಬೇಡಿಕೆ. ಇಲ್ಲಿನ ಬಾಡಿಗೆ ಕೋಣೆಯಲ್ಲಿರುವವರನ್ನು ಮಾತ್ರ ಎಣಿಸಬೇಡಿ. ಗಡಿಯಾಚೆ ಯಾರಿದ್ದಾರೆ, ಅವರಿಗೆ ಏನು ಬೇಕು ಎಂದು ಮೊದಲೇ ಕೇಳಿ, ಅವರ ಪಾಲನ್ನೂ ಸೇರಿಸಿ ಕೊಡಿ. ಕೊಟ್ಟ ಮೇಲೆ ಹಂಚುವ ಅಧಿಕಾರ ಮನೆ ನಡೆಸುವವಳಿಗಿರಲಿ. ಯಾರ ಹಸಿವು ಎಷ್ಟೆಂಬುದು ಅವಳಿಗೆ ನಮಗಿಂತ ಚೆನ್ನಾಗಿ ಗೊತ್ತು.