ಬೀರುವಿನಲ್ಲಿರೋ ಒಡವೆಗೂ ವಿಮೆ ಬೇಕಾ?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಹೊಗೆಸೊಪ್ಪು ಬೆಳೆಯುವ ಮನೆಗಳಲ್ಲಿ ಚಿನ್ನ ಬರೀ ಅಲಂಕಾರ ಅಲ್ಲ. ನಾಟಿಗೆ, ಗೊಬ್ಬರಕ್ಕೆ ದುಡ್ಡು ಬೇಕಾದಾಗ ಒಡವೆ ಗಿರವಿಗೆ ಹೋಗುತ್ತೆ. ಹರಾಜಿನಲ್ಲಿ ಸೊಪ್ಪು ಮಾರಿದ ಮೇಲೆ ಮನೆಗೆ ವಾಪಸ್ ಬರುತ್ತೆ. ನನ್ನ ಎಂಜಿನಿಯರಿಂಗ್ ಫೀಸಿಗೂ ಅಮ್ಮನ ಬಳೆಗಳು ಎರಡು ಸಲ ಹಾಗೆ ಹೋಗಿ ಬಂದಿವೆ. ಅಂದರೆ, ನಮ್ಮ ಮನೆಯ ನಿಜವಾದ ವಿಮೆ ಆ ಒಡವೆಗಳೇ.

ಊರಿನ ಮನೆಗೆ ವಿಮೆ ಮಾಡಿಸಲು ಹೊರಟಾಗ ನಾನು ಪಾಲಿಸಿಯಲ್ಲಿ ಮೊದಲು ಹುಡುಕಿದ್ದು ಒಡವೆಯನ್ನೇ. 2021ರ ಏಪ್ರಿಲ್‌ನಿಂದ ಸಿಗುತ್ತಿರುವ 'ಭಾರತ್ ಗೃಹ ರಕ್ಷಾ' ಪಾಲಿಸಿಯಲ್ಲಿ ಮನೆ ಕಟ್ಟಡ, ಟಿ.ವಿ., ಫ್ರಿಜ್, ಮಂಚ ಎಲ್ಲಕ್ಕೂ ಜಾಗವಿದೆ. ಒಡವೆ, ಬೆಳ್ಳಿ ಸಾಮಾನು ಮಾತ್ರ ತಾನಾಗಿ ಸೇರಲ್ಲ. ಬೇರೆ ಕೇಳಿ, ಹೆಚ್ಚಿನ ಪ್ರೀಮಿಯಂ ಕಟ್ಟಿ ಸೇರಿಸಬೇಕು. ಒಟ್ಟು ಮೊತ್ತ 5 ಲಕ್ಷ ಮೀರಿದರೆ, ಇಲ್ಲವೇ ಒಂದೇ ಒಡವೆ 1 ಲಕ್ಷ ದಾಟಿದರೆ ಬೆಲೆ ಕಟ್ಟಿಸಿದ ಸರ್ಟಿಫಿಕೇಟ್ ಕೊಡಬೇಕು. ಈಗಿನ ರೇಟಿಗೆ ಒಂದು ಸರವೇ ಅಷ್ಟಾಗುತ್ತೆ!

ಇನ್ನೊಂದು ವಿಷಯ. ಬೆಂಕಿ, ಪ್ರವಾಹದಂಥ ಅನಾಹುತದ ಕಾರಣದಿಂದ 7 ದಿನದೊಳಗೆ ಆದ ಕಳ್ಳತನಕ್ಕಷ್ಟೇ ಈ ಪಾಲಿಸಿಯಲ್ಲಿ ಪರಿಹಾರ. ಸುಮ್ಮನೆ ಬೀಗ ಒಡೆದು ಕದ್ದರೆ ಇಲ್ಲ. ಅದಕ್ಕೆ ಬರ್ಗ್ಲರಿ ಕವರ್ ಬೇಕು. ಮದುವೆ ಛತ್ರದಲ್ಲೋ ಬಸ್ಸಿನಲ್ಲೋ ಕಳೆದುಹೋಗುವ ಭಯಕ್ಕೆ 'ಆಲ್ ರಿಸ್ಕ್' ಕವರ್ ಕೇಳಬೇಕು.

"ಬ್ಯಾಂಕ್ ಲಾಕರಿಗೆ ಹಾಕಿದ್ರೆ ಆಯ್ತಲ್ಲಮ್ಮ" ಅಂದರು ಅಪ್ಪ. ಅದಕ್ಕೂ ಮಿತಿ ಇದೆ. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಬೆಂಕಿ, ಕಳ್ಳತನ, ಸಿಬ್ಬಂದಿಯ ಮೋಸ ಆದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ 100 ಪಟ್ಟು. ಬಾಡಿಗೆ 2,000 ರೂಪಾಯಿ ಇದ್ದರೆ 2 ಲಕ್ಷ, ಒಳಗೆ ಎಷ್ಟೇ ಇರಲಿ.

ಕಷ್ಟವಾದದ್ದು ಪ್ರೀಮಿಯಂ ಅಲ್ಲ, ಪಟ್ಟಿ. "ಕಾಸಿನ ಸರ ನಿಮ್ಮಜ್ಜಿದು, ಬಿಲ್ಲು ಎಲ್ಲಿಂದ್ ತರ್ಲಮ್ಮ?" ಅಂದರು ಅಮ್ಮ. ಆದರೂ ಕೂತು ಒಂದೊಂದನ್ನೇ ಫೋಟೊ ತೆಗೆದೆವು, ತೂಕ ಬರೆದೆವು, ಮೈಸೂರಿನಲ್ಲಿ ಬೆಲೆ ಕಟ್ಟಿಸಿದೆವು. ಯಾವುದು ಅಜ್ಜಿದು, ಯಾವುದು ತವರಿನದು, ಯಾವುದು ಯಾವ ವರ್ಷದ ಸೊಪ್ಪಿನ ದುಡ್ಡಿನದು ಅನ್ನೋದು ಅಮ್ಮನಿಗೆ ಬಾಯಿಪಾಠ. ಅಷ್ಟು ವರ್ಷ ಆ ಲೆಕ್ಕ ಇದ್ದದ್ದು ಅವರ ತಲೆಯಲ್ಲಿ ಮಾತ್ರ.

ವಿಮೆ ಮಾಡಿಸೋದು ಬಿಡೋದು ನಿಮ್ಮಿಷ್ಟ. ಈ ಸಲ ಊರಿಗೆ ಹೋದಾಗ ಪಟ್ಟಿಯನ್ನಂತೂ ಮಾಡಿ. ಅಮ್ಮನ್ನ ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಿ.