ಸತ್ತರೆ ಇನ್ನೊಂದು ಮ್ಯಾಚ್

ನಾನು ಗೇಮ್ ಆಡುವವನು. ದೊಡ್ಡ ಆಟಗಾರನೇನಲ್ಲ, ಬಸ್ಸಿನಲ್ಲಿ ಸೀಟು ಸಿಕ್ಕರೆ ಇಪ್ಪತ್ತು ನಿಮಿಷ, ರಾತ್ರಿ ಪಾಠಯೋಜನೆ ಬರೆದು ಮುಗಿಸಿದ ಮೇಲೆ ಇನ್ನೊಂದಿಷ್ಟು. ಬಿ.ಎಸ್ಸಿ. ಓದುವಾಗ ಇದು ಯಾರಿಗೂ ವಿಷಯವೇ ಆಗಿರಲಿಲ್ಲ. ಬಿ.ಇಡಿ.ಗೆ ಬಂದ ಮೇಲೆ ಹೇಳಿಕೊಳ್ಳಲು ಸ್ವಲ್ಪ ಸಂಕೋಚ. ಸ್ಟಾಫ್ ರೂಮಿನಲ್ಲಿ ಮೊಬೈಲ್ ಗೇಮಿನ ಮಾತು ಬರುವುದು ದೂರಾಗಿ ಮಾತ್ರ. ಆ ದೂರಿನಲ್ಲಿ ಸತ್ಯವಿದೆ, ಆದರೆ ಪೂರ್ತಿ ಸತ್ಯವಿಲ್ಲ. ಗೇಮಿನಲ್ಲಿ ಮಕ್ಕಳಿಗೆ ಕಲಿಸುವ ಭಾಗ ಒಂದಿದೆ, ಅವರನ್ನು ಕಟ್ಟಿಹಾಕುವ ಭಾಗ ಇನ್ನೊಂದಿದೆ. ಇವೆರಡನ್ನೂ ಬಿಡಿಸಿ ನೋಡದೆ, ಕಟ್ಟಿಹಾಕುವ ಭಾಗವನ್ನೇ ನಾವು ತಂತ್ರಜ್ಞಾನದ ಹೆಸರಿನಲ್ಲಿ ತರಗತಿಗೆ ತರುತ್ತಿದ್ದೇವೆ ಎಂಬುದು ಅಭ್ಯಾಸ ಬೋಧನೆಯ ಈ ವಾರಗಳಲ್ಲಿ ನನಗೆ ಮೂಡಿದ ಅಭಿಪ್ರಾಯ.

ಮೊದಲು ಕಲಿಸುವ ಭಾಗ. ನಾನು ಆಡಿದ ಮೊದಲ ಗೇಮ್ ಮಾವನ ಮನೆಯ ಟಿವಿಗೆ ಸಿಕ್ಕಿಸುತ್ತಿದ್ದ ಡಬ್ಬದಲ್ಲಿತ್ತು. ಕ್ಯಾಸೆಟ್ ಊದಿ ಊದಿ ಹಾಕಬೇಕಿತ್ತು. ಅದರಲ್ಲಿ 1985ರಲ್ಲಿ ಜಪಾನಿನ ನಿಂಟೆಂಡೊ ಹೊರತಂದ ಸೂಪರ್ ಮಾರಿಯೊ ಬ್ರದರ್ಸ್ ಕೂಡ ಇತ್ತು. ಅದರ ಮೊದಲ ಹಂತವನ್ನು ಈಗ ಶಿಕ್ಷಕನ ಕಣ್ಣಿನಿಂದ ನೋಡಿದರೆ ಬೆರಗಾಗುತ್ತದೆ. ಸೂಚನೆಯ ಒಂದು ಪದವೂ ಇಲ್ಲ. ಮಾರಿಯೊ ಎಡಗಡೆ ನಿಂತಿರುತ್ತಾನೆ, ಬಲಗಡೆ ಖಾಲಿ ಜಾಗ. ಹಾಗಾಗಿ ಮಗು ತಾನಾಗಿಯೇ ಬಲಕ್ಕೆ ನಡೆಸುತ್ತದೆ. ಎದುರಿಗೆ ಒಂದು ಪುಟ್ಟ ಪ್ರಾಣಿ ಬರುತ್ತದೆ. ಮುಟ್ಟಿದರೆ ಸಾವು, ಹಾರಿದರೆ ಉಳಿವು. ಸತ್ತರೆ ಕಳೆದುಹೋಗುವುದು ಕೆಲವೇ ಸೆಕೆಂಡು. ಮುಂದಿನ ಸಲ ಮಗು ಹಾರುತ್ತದೆ. ನಾವು ಪಾಠಯೋಜನೆಯಲ್ಲಿ ‘ಸರಳದಿಂದ ಸಂಕೀರ್ಣಕ್ಕೆ’ ಎಂದು ಬರೆಯುವುದನ್ನು ಆ ಗೇಮ್ ಮಾಡಿ ತೋರಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿ ತಪ್ಪು ಅಗ್ಗ.

ನಮ್ಮ ತರಗತಿಯಲ್ಲಿ ತಪ್ಪು ದುಬಾರಿ. ಅಭ್ಯಾಸ ಬೋಧನೆಗೆ ಹೋದ ಶಾಲೆಯ ಹತ್ತನೇ ತರಗತಿಯಲ್ಲಿ ಒಬ್ಬ ಹುಡುಗನನ್ನು ಎಲ್ಲರೂ ‘ಸೋಡಾ’ ಎಂದು ಕರೆಯುತ್ತಿದ್ದರು. ಎಂಟನೇ ತರಗತಿಯಲ್ಲಿ ಒಮ್ಮೆ ಸೋಡಿಯಂ ಎನ್ನುವ ಬದಲು ಸೋಡಾ ಎಂದು ಓದಿದ್ದನಂತೆ. ಎರಡು ವರ್ಷವಾದರೂ ಹೆಸರು ಹೋಗಿಲ್ಲ. ಅವನು ವಿಜ್ಞಾನದ ಅವಧಿಯಲ್ಲಿ ಕೈ ಎತ್ತಿದ್ದನ್ನು ನಾನು ನೋಡಿರಲಿಲ್ಲ. ಊಟದ ಬಿಡುವಿನಲ್ಲಿ ಗೇಮಿನ ಮಾತು ತೆಗೆದರೆ ಮಾತ್ರ ಅವನ ಬಾಯಿ ನಿಲ್ಲದು. ಎಷ್ಟು ಸಲ ಸೋತಿದ್ದಾನೆ ಎಂಬುದನ್ನೂ ನಗುತ್ತಲೇ ಹೇಳುತ್ತಾನೆ. “ಅಲ್ಲಿ ಇಷ್ಟೊಂದು ಸೋಲ್ತೀಯ, ಇಲ್ಲಿ ಯಾಕೋ ಬಾಯೇ ಬಿಡಲ್ಲ?” ಎಂದೆ.

“ಗೇಮಲ್ಲಿ ಸತ್ರೆ ಇನ್ನೊಂದ್ ಮ್ಯಾಚ್ ಸರ್. ಇಲ್ಲಿ ಒಂದ್ಸಲ ತಪ್ಪು ಹೇಳಿದ್ರೆ ಎಸ್ಎಸ್ಎಲ್‌ಸಿ ಮುಗಿಯೋವರೆಗೂ ಅದೇ ಹೆಸ್ರು.”

ಇದಕ್ಕೆ ಉತ್ತರವಾಗಿ ನಾನು ತರಗತಿಗೆ ಗೇಮ್ ತರಲಿಲ್ಲ, ಸ್ಲೇಟು ತಂದೆ. ಆ ವಾರದ ಪಾಠ ರಾಸಾಯನಿಕ ಸಮೀಕರಣಗಳನ್ನು ಸರಿದೂಗಿಸುವುದು. ನಾಲ್ಕು ಹಂತ ಮಾಡಿಕೊಂಡೆ: ಹೈಡ್ರೋಜನ್ ಮತ್ತು ಆಕ್ಸಿಜನ್ ಸೇರಿ ನೀರು, ಮೆಗ್ನೀಸಿಯಂ ಉರಿದು ಅದರ ಆಕ್ಸೈಡ್, ನೈಟ್ರೋಜನ್ ಮತ್ತು ಹೈಡ್ರೋಜನ್ ಸೇರಿ ಅಮೋನಿಯಾ, ಕೊನೆಗೆ ಕಬ್ಬಿಣದ ಮೇಲೆ ಹಬೆ ಹಾಯಿಸುವ ಸಮೀಕರಣ. ಪ್ರತಿಯೊಬ್ಬರೂ ಸ್ಲೇಟಿನಲ್ಲಿ ಸಂಖ್ಯೆ ಹಾಕಿ ನೋಡಬೇಕು, ಸರಿಬರದಿದ್ದರೆ ಒರೆಸಬೇಕು. ನನಗೆ ತೋರಿಸುವ ಅಗತ್ಯವಿಲ್ಲ. ಎರಡೂ ಬದಿಯ ಪರಮಾಣುಗಳನ್ನು ಎಣಿಸಿದರೆ ಸಮೀಕರಣವೇ ಸರಿ ತಪ್ಪು ಹೇಳುತ್ತದೆ. ಗೇಮಿನಲ್ಲಿ ನಿಯಮ ತೀರ್ಪು ಕೊಡುವ ಹಾಗೆಯೇ ಇದು. ‘ಸೋಡಾ’ ಎಷ್ಟು ಸಲ ಒರೆಸಿದನೋ ನಾನು ಎಣಿಸಲಿಲ್ಲ. ಕಬ್ಬಿಣಕ್ಕೆ 3, ನೀರಿಗೆ 4, ಆಚೆ ಬದಿಯ ಹೈಡ್ರೋಜನ್‌ಗೆ 4 ಎಂದು ಅವನು ಪಕ್ಕದವನಿಗೆ ವಿವರಿಸುತ್ತಿದ್ದುದು ಮಾತ್ರ ಕೇಳಿಸಿತು.

ಮಾರ್ಗದರ್ಶಕ ಶಿಕ್ಷಕಿಯವರು ಹಿಂದಿನ ಬೆಂಚಿನಲ್ಲಿ ಕುಳಿತು ಎಲ್ಲವನ್ನೂ ನೋಡಿದರು. ಆಮೇಲೆ ಕರೆದು, “ನೋಡಪ್ಪ, ಇದು ಹತ್ತನೇ ತರಗತಿ. ಒಂದೊಂದು ಸಮೀಕರಣಕ್ಕೆ ಹೀಗೆ ಕೂತ್ರೆ ಪೋರ್ಷನ್ ಮುಗಿಯುತ್ತಾ?” ಎಂದರು. ಆ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅವಧಿ 40 ನಿಮಿಷ, ಮಕ್ಕಳು ಐವತ್ತಕ್ಕೂ ಹೆಚ್ಚು. “ಎಲ್ಲ ಪಾಠಕ್ಕೂ ಆಗಲ್ಲ ಮೇಡಂ, ಉತ್ತರವನ್ನು ಮಕ್ಕಳೇ ಪರೀಕ್ಷಿಸಿಕೊಳ್ಳಬಹುದಾದ ಪಾಠಕ್ಕೆ ಆಗುತ್ತೆ” ಎಂದೆ. ಅವರು ಒಪ್ಪಲಿಲ್ಲ, ಬೇಡ ಎಂದೂ ಹೇಳಲಿಲ್ಲ.

ಇನ್ನು ಕಟ್ಟಿಹಾಕುವ ಭಾಗ. ಈಗಿನ ಮೊಬೈಲ್ ಗೇಮುಗಳಲ್ಲಿ ಹೆಚ್ಚಿನವು ಪುಕ್ಕಟೆ. ಅವು ಮಾರುವುದು ಆಟವನ್ನಲ್ಲ, ಮರುಪ್ರಯತ್ನವನ್ನು. 2012ರಲ್ಲಿ ಬಂದ ಕ್ಯಾಂಡಿ ಕ್ರಷ್ ಸಾಗಾದಲ್ಲಿ ಐದು ಜೀವಗಳು. ಮುಗಿದರೆ ಒಂದು ಜೀವ ಮರಳಲು ಅರ್ಧ ಗಂಟೆ ಕಾಯಬೇಕು, ಕಾಯಲಾರದವರು ದುಡ್ಡು ಕೊಡಬಹುದು. ಅಂದರೆ ಅಗ್ಗವಾಗಿದ್ದ ತಪ್ಪಿಗೆ ಇಲ್ಲಿ ಬೆಲೆ ಕಟ್ಟಲಾಗಿದೆ. ಇನ್ನು ಕೆಲವು ಗೇಮುಗಳಲ್ಲಿ ಒಳಗೆ ಏನಿದೆ ಎಂದು ತಿಳಿಯದ ಪೆಟ್ಟಿಗೆಯನ್ನು ದುಡ್ಡು ಕೊಟ್ಟು ತೆರೆಯಬೇಕು. 2018ರಲ್ಲಿ ಬೆಲ್ಜಿಯಂ ಇಂಥ ಪೆಟ್ಟಿಗೆಗಳನ್ನು ಜೂಜೆಂದೇ ಪರಿಗಣಿಸಿತು. ಸ್ಕಿನ್ನರ್ ಅವರ ಪುನರ್ಬಲನದ ಪಾಠ ಓದಿದ ನಮಗೆ ಇದು ಹೊಸದಲ್ಲ: ಬಹುಮಾನ ಯಾವಾಗ ಸಿಗುತ್ತದೆಂದು ಗೊತ್ತಿಲ್ಲದಿದ್ದಾಗಲೇ ವರ್ತನೆ ಬಿಡದೆ ಮುಂದುವರಿಯುತ್ತದೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಅತಿಬಳಕೆಗೆಂದೇ 2014ರಲ್ಲಿ ಚಿಕಿತ್ಸಾಲಯ ಶುರುವಾಯಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ನೀಡಿತು. ಆದರೆ ‘ದಿನಾ ಬಂದರೆ ಬಹುಮಾನ, ಒಂದು ದಿನ ತಪ್ಪಿದರೆ ಮೊದಲಿನಿಂದ ಶುರು’ ಎನ್ನುವ ಸೆಳೆತಕ್ಕೆ ಪಣ ಬೇಕಿಲ್ಲ.

ನನ್ನ ಚಿಂತೆ ಇರುವುದು ಇಲ್ಲಿಯೇ. ತರಗತಿಗೆ ಗೇಮ್ ತರುತ್ತೇವೆಂದು ನಾವು ತರುವುದು ಬಹುತೇಕ ಪಾಯಿಂಟು, ಬ್ಯಾಡ್ಜು ಮತ್ತು ಪರದೆಯ ಮೇಲೆ ಮೊದಲ ಐವರ ಹೆಸರು. ನಾನು ಅವಲೋಕಿಸಿದ ಒಂದು ಕ್ವಿಜ್ ಆ್ಯಪ್ ಪಾಠದಲ್ಲಿ ಗದ್ದಲ, ಉತ್ಸಾಹ ಎರಡೂ ಇದ್ದವು. ಆದರೆ ಮೂರು ಸುತ್ತು ಮುಗಿದರೂ ಪರದೆಯ ಮೇಲಿದ್ದವು ಅವೇ ಐದು ಹೆಸರು. ಉಳಿದವರು ನಿಧಾನವಾಗಿ ಪರದೆ ನೋಡುವುದನ್ನೇ ಬಿಟ್ಟರು. ತಪ್ಪಿಗೆ ಇನ್ನೊಂದು ಅವಕಾಶ ಇರಲಿಲ್ಲ. ವೇಗಕ್ಕೆ ಮಾತ್ರ ಅಂಕ. ಜೊತೆಗೆ, ಮನೆಯಲ್ಲಿ ಆಡಿ ಬನ್ನಿ ಎಂದರೆ ಫೋನ್ ಯಾರ ಕೈಗೆ ಸಿಗುತ್ತದೆ? ನಮ್ಮ ತರಗತಿಯ ಹುಡುಗಿಯರನ್ನು ಕೇಳಿದಾಗ ಹಲವರು ಹೇಳಿದ್ದು ಒಂದೇ ಮಾತು: “ಅಣ್ಣ ಕೊಡಲ್ಲ ಸರ್.”

ಹಾಗೆಂದು ತರಗತಿಯ ಎಲ್ಲವೂ ಗೇಮಿನಂತೆ ಆಗಬೇಕಿಲ್ಲ, ಆಗಲೂಬಾರದು. ಸಾರೀಕೃತ ಆಮ್ಲಕ್ಕೆ ನೀರು ಸುರಿದವನಿಗೆ ‘ಇನ್ನೊಂದು ಮ್ಯಾಚ್’ ಇಲ್ಲ. ನೀರಿಗೆ ಆಮ್ಲವನ್ನು ನಿಧಾನವಾಗಿ ಸೇರಿಸಬೇಕೆಂದು ಮೊದಲೇ ಹೇಳಲೇಬೇಕು. ಯಾವ ತಪ್ಪು ಅಗ್ಗವಾಗಿರಬಹುದು, ಯಾವುದು ಇರಬಾರದು ಎಂದು ಆರಿಸುವುದು ಶಿಕ್ಷಕರ ಕೆಲಸ.

ನಮ್ಮ ರಾಜ್ಯದಲ್ಲಿ 2024ರಲ್ಲಿ ಎಸ್ಎಸ್ಎಲ್‌ಸಿಗೆ ವರ್ಷದಲ್ಲಿ ಮೂರು ಪರೀಕ್ಷೆಗಳು ಜಾರಿಗೆ ಬಂದವು. ಹೆಚ್ಚು ಅಂಕ ಬಂದದ್ದನ್ನು ಉಳಿಸಿಕೊಳ್ಳಬಹುದಿತ್ತು. ಅದರ ಬಗ್ಗೆ ಶಿಕ್ಷಕರಲ್ಲಿ ಪರ ವಿರೋಧ ಎರಡೂ ಕೇಳಿದ್ದೇನೆ. ನನಗನಿಸುವುದು ಇಷ್ಟು: ವರ್ಷದ ಕೊನೆಯಲ್ಲಿ ಹಲವು ಅವಕಾಶ ಕೊಟ್ಟು, ದಿನದ ತರಗತಿಯಲ್ಲಿ ಒಂದನ್ನೂ ಕೊಡದಿದ್ದರೆ ಕೈ ಎತ್ತದ ಮಗು ಪ್ರತಿ ಸಲವೂ ಹಾಗೆಯೇ ಕೂತಿರುತ್ತದೆ.

ಆದ್ದರಿಂದ ಬ್ಲಾಕ್ ಟೀಚಿಂಗ್‌ಗೆ ಹೊರಡುವ ಗೆಳೆಯರಲ್ಲಿ ನನ್ನದೊಂದು ವಿನಂತಿ. ಯಾವುದೇ ಆ್ಯಪ್ ಅಥವಾ ಆಟವನ್ನು ಬೋಧನೋಪಕರಣವೆಂದು ಪಾಠಯೋಜನೆಯಲ್ಲಿ ಬರೆಯುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿ. ಇಲ್ಲಿ ತಪ್ಪಿದ ಮಗುವಿಗೆ ತಕ್ಷಣ ಮತ್ತೆ ಪ್ರಯತ್ನಿಸಲು ಆಗುತ್ತದೆಯೇ? ಆ ತಪ್ಪನ್ನು ಇಡೀ ತರಗತಿ ನೋಡುತ್ತದೆಯೇ? ಫೋನ್ ಇಲ್ಲದ ಮಗುವೂ ಇದರಲ್ಲಿ ಸೇರಬಹುದೇ? ಉತ್ತರ ಸಮಾಧಾನ ತರದಿದ್ದರೆ ಸ್ಲೇಟು ಸಾಕು.