ಸೊನ್ನೆಯಿಂದ ಆರಂಭಿಸಬಾರದ ಲೆಕ್ಕ

ಎಂಜಿನಿಯರಿಂಗ್ ಪದವಿಯಿಲ್ಲದವರಿಗೂ ಕೆಲವೇ ತಿಂಗಳುಗಳ ಬಿಡುವಿಲ್ಲದ ಅಭ್ಯಾಸದ ಮೂಲಕ ಕೋಡಿಂಗ್ ಕಲಿಸಿ, ಅಂದರೆ ಕಂಪ್ಯೂಟರು ಚಾಚೂ ತಪ್ಪದೆ ಪಾಲಿಸಬೇಕಾದ ಆದೇಶಗಳನ್ನು ಅದಕ್ಕಾಗಿಯೇ ರೂಪಿಸಿದ ಭಾಷೆಯಲ್ಲಿ ಬರೆಯುವುದನ್ನು ಕಲಿಸಿ, ಕೆಲಸಕ್ಕೆ ಅಣಿಗೊಳಿಸುವ ಶಾಲೆಗಳನ್ನು ಬೂಟ್‌ಕ್ಯಾಂಪ್ ಎಂದು ಕರೆಯುವುದು ರೂಢಿಯಾಗಿದೆ. 2012ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆರಂಭವಾದ ಡೆವ್ ಬೂಟ್‌ಕ್ಯಾಂಪ್ ಈ ಬಗೆಯ ಶಾಲೆಗಳ ಮೊದಲ ಸಾಲಿಗೆ ಸೇರಿದ್ದು. ಬೆಂಗಳೂರಿನಲ್ಲಿ 2019ರಲ್ಲಿ ಹುಟ್ಟಿದ ಮಸಾಯಿ ಸ್ಕೂಲ್, ಕೆಲಸ ಸಿಕ್ಕಿದ ಮೇಲೆ ಶುಲ್ಕ ಕಟ್ಟುವ ಪದ್ಧತಿಯಿಂದ ಹೆಸರಾಯಿತು. ಹುಬ್ಬಳ್ಳಿಯಲ್ಲಂತೂ, ಆ ಊರಿನಲ್ಲೇ ಹುಟ್ಟಿ ಅಮೆರಿಕದಲ್ಲಿ ಉದ್ಯಮಿಯಾದ ಗುರುರಾಜ ದೇಶಪಾಂಡೆಯವರ ದೇಶಪಾಂಡೆ ಫೌಂಡೇಶನ್, ಹಳ್ಳಿಯ ಪದವೀಧರರಿಗೆ ಕೌಶಲ ತರಬೇತಿ ನೀಡುತ್ತ ಬಂದಿದೆ. ಇಂಥ ಸಂಸ್ಥೆಗಳಲ್ಲಿ ಅನೇಕವು ಅಂಕಪಟ್ಟಿಯೊಂದನ್ನೇ ನಂಬದೆ ಅಭ್ಯರ್ಥಿಯನ್ನು ಎದುರಿಗೆ ಕೂರಿಸಿಕೊಂಡು ಮಾತನಾಡಿಸುತ್ತವೆ. ಧಾರವಾಡ ಜಿಲ್ಲೆಯ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳಿಂದ ಹೊರಡುವ ಅಭ್ಯರ್ಥಿ ಹೆಚ್ಚು ಅಂಜುವುದೂ ಈ ಮಾತುಕತೆಗೇ.

ವೃತ್ತಿ ಬದಲಿಸಲು ಹೊರಟವರು ಈ ಭಾಗದಲ್ಲಿ ಹಲವು ಬಗೆಯವರಿದ್ದಾರೆ. ದಲಾಲಿ ಅಂಗಡಿಯಲ್ಲಿ ಹತ್ತಿ, ಮೆಣಸಿನಕಾಯಿಯ ಲೆಕ್ಕ ಬರೆಯುವ ಗುಮಾಸ್ತ, ಸ್ವಸಹಾಯ ಸಂಘಗಳ ಸಾಲದ ಕಂತು ವಸೂಲಿಗೆ ಊರೂರು ತಿರುಗುವ ನೌಕರ, ವರ್ಷವರ್ಷವೂ ನೇಮಕದ ಆದೇಶಕ್ಕೆ ಕಾಯುವ ಅತಿಥಿ ಉಪನ್ಯಾಸಕಿ, ಮನೆಯ ಹೊಲವನ್ನೇ ನೋಡಿಕೊಂಡಿದ್ದ ಬಿ.ಎ. ಪದವೀಧರ, ಇವರೆಲ್ಲ ಆ ಸಾಲಿನಲ್ಲಿ ಬರುತ್ತಾರೆ. ಇವರ ಜೊತೆಗೆ, ಧಾರವಾಡದ ಸಪ್ತಾಪುರದಲ್ಲಿ ಬಾಡಿಗೆ ಕೋಣೆ ಹಿಡಿದು, ಪಿಎಸ್ಐ, ಎಫ್‌ಡಿಎ, ಕೆಎಎಸ್ ಮುಂತಾದ ಸರ್ಕಾರಿ ನೇಮಕಾತಿ ಪರೀಕ್ಷೆಗಳಿಗೆ ವರ್ಷಗಟ್ಟಲೆ ಓದಿ, ವಯೋಮಿತಿ ಮುಗಿಯುವ ಹೊತ್ತಿಗೆ ಬೇರೆ ದಾರಿ ಹುಡುಕುವವರನ್ನೂ ಎಣಿಸಬೇಕು. ಇವರೆಲ್ಲರಿಗೂ ಸಾಮಾನ್ಯವಾದ ಒಂದು ಭಾವನೆಯೆಂದರೆ, ತಾವು ಈವರೆಗೆ ಮಾಡಿದ್ದೆಲ್ಲ ಈ ಹೊಸ ವಿದ್ಯೆಯ ಮುಂದೆ ಲೆಕ್ಕಕ್ಕೆ ಬಾರದು, ಸೊನ್ನೆಯಿಂದಲೇ ಆರಂಭಿಸಬೇಕು ಎಂಬುದು. ಸಂದರ್ಶನದ ಸಿದ್ಧತೆಗೆ ಈ ಭಾವನೆಯಷ್ಟು ದೊಡ್ಡ ಅಡ್ಡಿ ಬೇರೊಂದಿಲ್ಲ.

ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಪಳಗಿದವರಿಗೆ ಸಂದರ್ಶನ ವಿಶೇಷವಾಗಿ ಕಷ್ಟವಾಗಲು ಕಾರಣವಿದೆ. ಆ ಪರೀಕ್ಷೆಗಳು ಹೆಚ್ಚಾಗಿ ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಗುರುತಿಸಲು ಕೇಳುತ್ತವೆ, ತಪ್ಪಿದರೆ ಅಂಕ ಕಳೆಯುವುದೂ ಉಂಟು. ಹಾಗಾಗಿ ಖಚಿತವಾಗಿ ಗೊತ್ತಿಲ್ಲದ್ದನ್ನು ಬಾಯಿಬಿಡದಿರುವುದೇ ಜಾಣತನವೆಂಬುದು ವರ್ಷಗಳ ಓದಿನಲ್ಲಿ ರಕ್ತಗತವಾಗಿರುತ್ತದೆ. ಬೂಟ್‌ಕ್ಯಾಂಪಿನ ಸಂದರ್ಶಕರು ಬಯಸುವುದು ಇದಕ್ಕೆ ತೀರ ವಿರುದ್ಧವಾದುದನ್ನು. ಅಭ್ಯರ್ಥಿಗೆ ಕೋಡಿಂಗ್ ಬರುವುದಿಲ್ಲವೆಂಬುದು ಅವರಿಗೆ ಗೊತ್ತೇ ಇದೆ. ಗೊತ್ತಿಲ್ಲದ ಸಮಸ್ಯೆ ಎದುರಾದಾಗ ಅವನು ಅದನ್ನು ಹೇಗೆ ಬಿಡಿಸಿಕೊಳ್ಳುತ್ತಾನೆ, ಅರೆಬರೆ ಯೋಚನೆಯನ್ನು ಹೇಗೆ ಹೊರಗೆ ಹೇಳುತ್ತಾನೆ, ಒಂದು ಸುಳಿವು ಕೊಟ್ಟರೆ ದಾರಿ ಬದಲಿಸುತ್ತಾನೆಯೇ ಎಂಬುದನ್ನು ಅವರು ನೋಡುತ್ತಾರೆ. ಐದು ನಿಮಿಷ ಸುಮ್ಮನೆ ಕೂತು ಸರಿಯುತ್ತರ ಹೇಳಿದವನಿಗಿಂತ, ತಪ್ಪು ಹೆಜ್ಜೆಯಿಟ್ಟು ಅದನ್ನು ತಾನೇ ಕಂಡುಹಿಡಿದು ತಿದ್ದಿಕೊಂಡವನು ಇಂಥ ಕಡೆ ಮೆಚ್ಚುಗೆ ಪಡೆಯುವುದು ಸಾಮಾನ್ಯ.

ಸಂದರ್ಶನದಲ್ಲಿ ಬರಬಹುದಾದ ಸರಳ ಪ್ರಶ್ನೆಯೊಂದನ್ನು ಇಲ್ಲಿ ವಿವರವಾಗಿ ನೋಡಬಹುದು. ಒಂದು ಹೊಲದ ಹಲವು ವರ್ಷಗಳ ಲಾಭನಷ್ಟದ ಅಂಕಿಗಳು ಸಾಲಾಗಿ ಇವೆ, ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಹುಡುಕಬೇಕು. ಮನುಷ್ಯ ಕಣ್ಣಾಡಿಸಿ ಹೇಳಿಬಿಡುವ ಇದನ್ನು ಕಂಪ್ಯೂಟರಿಗೆ ಹಂತಹಂತವಾಗಿ ಹೇಳಬೇಕಾಗುತ್ತದೆ. ಹೀಗೆ ಕ್ರಮವಾಗಿ ಜೋಡಿಸಿದ, ಎಲ್ಲೋ ಒಂದೆಡೆ ಖಚಿತವಾಗಿ ಮುಗಿಯುವ ಹಂತಗಳಿಗೆ ಅಲ್ಗಾರಿದಮ್ ಎಂದು ಹೆಸರು. ಮೊದಲಿಗೆ 'ದೊಡ್ಡದು' ಎಂಬ ಹೆಸರಿನ ವೇರಿಯಬಲ್ ಒಂದನ್ನು, ಅಂದರೆ ಒಂದು ಬೆಲೆಯನ್ನು ನೆನಪಿಟ್ಟುಕೊಂಡು ಬೇಕಾದಾಗ ಬದಲಿಸಿಕೊಳ್ಳಬಲ್ಲ ಹೆಸರಿಟ್ಟ ಜಾಗವನ್ನು, ಇಟ್ಟುಕೊಳ್ಳಬೇಕು. ಅನಂತರ ಸಾಲಿನ ಒಂದೊಂದೇ ಅಂಕಿಯನ್ನು ಅದರೊಡನೆ ಹೋಲಿಸಿ, ಹೊಸದು ದೊಡ್ಡದಾಗಿದ್ದರೆ ಅದನ್ನು ಅಲ್ಲಿಡಬೇಕು. ಒಂದೇ ಕೆಲಸವನ್ನು ಸಾಲು ಮುಗಿಯುವವರೆಗೆ ಮತ್ತೆ ಮತ್ತೆ ಮಾಡಿಸುವ ಈ ಕಟ್ಟಳೆಯೇ ಲೂಪ್. ಕಲಿಯುವವರಲ್ಲಿ ಹಲವರು 'ದೊಡ್ಡದು' ಎಂಬಲ್ಲಿ ಆರಂಭಕ್ಕೆ ಸೊನ್ನೆಯನ್ನು ಇಡುತ್ತಾರೆ, ಲಾಭದ ವರ್ಷ ಒಂದಾದರೂ ಇದ್ದರೆ ಉತ್ತರವೂ ಸರಿಯಾಗಿಯೇ ಬರುತ್ತದೆ. ಆದರೆ ಮಳೆ ಕೈಕೊಟ್ಟು ಮೂರು ವರ್ಷವೂ ನಷ್ಟವೇ ಆಗಿ, ಕ್ರಮವಾಗಿ 12,000, 7,500, 20,000 ರೂಪಾಯಿ ಕಳೆದುಕೊಂಡ ಹೊಲದ ಲೆಕ್ಕವನ್ನು ಕೊಟ್ಟಾಗ, ಋಣಚಿಹ್ನೆಯ ಈ ಅಂಕಿಗಳಲ್ಲಿ ಯಾವುದೂ ಸೊನ್ನೆಗಿಂತ ದೊಡ್ಡದಲ್ಲದ ಕಾರಣ, ಕಂಪ್ಯೂಟರು ಸೊನ್ನೆಯನ್ನೇ ಉತ್ತರವಾಗಿ ಹೇಳುತ್ತದೆ, ಅಂದರೆ ಎಂದೂ ಇರದಿದ್ದ ಒಂದು ವರ್ಷವನ್ನು ಹುಟ್ಟಿಸುತ್ತದೆ. ಸರಿಯಾದ ಉತ್ತರ 7,500 ರೂಪಾಯಿ ನಷ್ಟದ ವರ್ಷ; ಅದು ಬರಬೇಕಾದರೆ ಸೊನ್ನೆಯನ್ನು ಬಿಟ್ಟು ಸಾಲಿನ ಮೊದಲ ಅಂಕಿಯಿಂದಲೇ ಆರಂಭಿಸಬೇಕು. ನವಲಗುಂದದ ಎರೆಭೂಮಿಯಲ್ಲಿ ಹೆಸರು, ಕಡಲೆ ಬಿತ್ತಿ ಬೆಳೆದ ಮನೆಯವರಿಗೆ, ಎಲ್ಲ ವರ್ಷವೂ ನಷ್ಟವೇ ಆಗಿರುವ ಪಟ್ಟಿ ಇರಬಹುದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅನುಭವದ ಈ ಎಚ್ಚರ ಪುಸ್ತಕ ಓದಿ ಬರುವಂಥದ್ದಲ್ಲ, ಮತ್ತು ಸಂದರ್ಶಕರು ಹುಡುಕುವುದು ಇದನ್ನೇ.

ಈ ಅಭ್ಯಾಸಕ್ಕೆ ಲ್ಯಾಪ್‌ಟಾಪ್ ಬೇಕೇಬೇಕೆಂದಿಲ್ಲ. ಕಾಗದದ ಮೇಲೆ ವೇರಿಯಬಲ್‌ಗಳ ಹೆಸರು ಬರೆದು, ಪ್ರತಿ ಹೆಜ್ಜೆಯಲ್ಲೂ ಅವುಗಳ ಬೆಲೆ ಹೇಗೆ ಬದಲಾಗುತ್ತದೆಂದು ಕೈಯಾರೆ ತುಂಬುತ್ತ ಹೋಗುವ ಕ್ರಮವನ್ನು ಡ್ರೈ ರನ್ ಎನ್ನುತ್ತಾರೆ. ಕರೆಂಟು ಹೋದಾಗಲೂ ನಡೆಯುವ ಈ ಅಭ್ಯಾಸವನ್ನು ದಿನಕ್ಕೊಂದು ಸಮಸ್ಯೆಯಂತೆ ಮಾಡಿದರೆ ಸಾಕು. ಬಹಳ ವಿಷಯಗಳನ್ನು ಮೇಲಿಂದ ಮೇಲೆ ಮುಟ್ಟುವುದಕ್ಕಿಂತ ಕೆಲವನ್ನೇ ಪೂರ್ತಿ ವಶಮಾಡಿಕೊಳ್ಳುವ ಶಿಸ್ತಿಗೆ ಈ ಜಿಲ್ಲೆಯಲ್ಲಿ ದೊಡ್ಡ ಪರಂಪರೆಯೇ ಇದೆ. ಕುಂದಗೋಳದಲ್ಲಿ ಗಾಯಕ ಸವಾಯಿ ಗಂಧರ್ವರ ಬಳಿ ಸಂಗೀತ ಕಲಿಯಲು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿಬರುತ್ತಿದ್ದ ಗಂಗೂಬಾಯಿ ಹಾನಗಲ್ಲರಿಗೆ ಗುರುಗಳು ಒಮ್ಮೆಗೆ ಹೇಳಿಕೊಡುತ್ತಿದ್ದುದು ಕೆಲವೇ ಸ್ವರಗುಚ್ಛಗಳನ್ನು. ಅವು ಗಂಟಲಿಗೆ ಕೂರುವ ತನಕ ಮುಂದಿನ ಪಾಠವಿರಲಿಲ್ಲ. ಅದೇ ಮನೆಗೆ 1936ರಲ್ಲಿ ಶಿಷ್ಯನಾಗಿ ಬಂದ ಭೀಮಸೇನ ಜೋಶಿಯವರೂ ವರ್ಷಗಟ್ಟಲೆ ಬೆರಳೆಣಿಕೆಯ ರಾಗಗಳನ್ನೇ ತಿದ್ದಿದರು. ಸಂಗೀತಕ್ಕೂ ಕೋಡಿಂಗ್‌ಗೂ ನಂಟು ಕಲ್ಪಿಸುವ ಅಗತ್ಯ ಇಲ್ಲಿಲ್ಲ. ಆದರೆ ಮೂರು ಕೋಡಿಂಗ್ ಭಾಷೆಗಳ ವಿಡಿಯೊ ಪಾಠಗಳನ್ನು ಅರ್ಧರ್ಧ ನೋಡಿ ಸಂದರ್ಶನಕ್ಕೆ ಹೋಗುವವರು ಕುಂದಗೋಳದ ಆ ಪಾಠಕ್ರಮವನ್ನು ನೆನೆಯುವುದು ಒಳ್ಳೆಯದು.

ಸಂದರ್ಶಕರು ಕೇಳುವ, ಈಗಿರುವ ಕೆಲಸವನ್ನು ಬಿಡುವುದೇಕೆಂಬ ಪ್ರಶ್ನೆಗೆ ಬಾಯಿಪಾಠದ ಉತ್ತರ ಒಪ್ಪುವುದಿಲ್ಲ. ಬಾಲ್ಯದಿಂದಲೂ ಕಂಪ್ಯೂಟರ್ ಎಂದರೆ ಪ್ರೀತಿ ಎಂಬ ಮಾತಿಗಿಂತ, ದಲಾಲಿ ಅಂಗಡಿಯಲ್ಲಿ ತೂಕವನ್ನು ಧಾರಣೆಗೆ ಗುಣಿಸಿ, ಅದರಲ್ಲಿ ಹಮಾಲಿಯನ್ನೂ ಮೊದಲೇ ಪಡೆದ ಮುಂಗಡವನ್ನೂ ಕಳೆದು ರೈತನಿಗೆ ಪಟ್ಟಿ ಬರೆಯುವಾಗ ಎಲ್ಲೆಲ್ಲಿ ತಪ್ಪು ನುಸುಳುತ್ತದೆ, ಅದನ್ನು ತಡೆಯಲು ಏನು ಮಾಡಬಹುದು ಎಂದು ಹೇಳುವ ಗುಮಾಸ್ತನ ಮಾತಿಗೆ ತೂಕ ಹೆಚ್ಚು. ಸಂಬಳ ಸಾಲದು, ಮನೆ ನಡೆಸಬೇಕು ಎಂಬ ಕಾರಣವೂ ನಾಚಿಕೆಪಡುವಂಥದ್ದಲ್ಲ. ಅದನ್ನು ಮುಚ್ಚಿಡದೆ ಹೇಳಬಹುದು.

ಸಂದರ್ಶನ ಇಂಗ್ಲಿಷಿನಲ್ಲಿ ನಡೆಯುವುದೇ ಹೆಚ್ಚು, ಮತ್ತು ಅನೇಕರು ಅಲ್ಲಿಯೇ ಧೈರ್ಯಗುಂದುತ್ತಾರೆ. ಮೊದಲು ಸಮಸ್ಯೆಯನ್ನು ಮನೆಮಾತಿನಲ್ಲಿ ಬಿಡಿಸಿ, "ಮೊದಲ ಬಂದದ್ದನ್ನ ದೊಡ್ಡದಂತ ಹಿಡಿಯೂದು, ಆಮ್ಯಾಲೆ ಒಂದೊಂದ ನೋಡಕೋತ ಹೋಗೂದು" ಎಂದು ಗೆಳೆಯರಿಗೋ ತಂಗಿಗೋ ವಿವರಿಸಿ, ಅವರಿಗೆ ತಿಳಿಯಿತೆಂದು ಖಾತ್ರಿಯಾದ ಬಳಿಕ ಅದನ್ನೇ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಿ ರೂಢಿಮಾಡಿಕೊಳ್ಳುವುದು ಫಲ ಕೊಡುವ ಕ್ರಮ. ಯೋಚನೆ ಗಟ್ಟಿಯಾಗಿದ್ದರೆ ವ್ಯಾಕರಣದ ಸಣ್ಣ ತೊಡಕುಗಳು ಅದನ್ನು ಮರೆಮಾಡಲಾರವು.

ಅಭ್ಯರ್ಥಿಯೂ ಪ್ರಶ್ನೆ ಕೇಳಬೇಕು, ಏಕೆಂದರೆ ಇಲ್ಲಿ ಪಣಕ್ಕಿಡುವುದು ಮನೆಯ ಹಣವನ್ನು ಮತ್ತು ಪ್ರಾಯದ ಒಂದು ವರ್ಷವನ್ನು. ದಾರಿ ತೋರಿದ ಡೆವ್ ಬೂಟ್‌ಕ್ಯಾಂಪೇ 2017ರ ಕೊನೆಗೆ ಮುಚ್ಚಿತು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಸರಳ ಕೋಡನ್ನು ಯಂತ್ರವೇ ಬರೆಯತೊಡಗಿದ್ದು, ಬರೆದದ್ದು ಸರಿಯೇ ಎಂದು ಪರೀಕ್ಷಿಸಬಲ್ಲವರಿಗೆ ಮೊದಲಿಗಿಂತ ಹೆಚ್ಚು ಬೆಲೆ ಬಂದಿದೆ. ಹಾಗಾಗಿ ಹಿಂದಿನ ತಂಡಕ್ಕೆ ಸೇರಿದವರೆಷ್ಟು, ಮುಗಿಸಿದವರೆಷ್ಟು, ಅವರಿಗೆ ಸಿಕ್ಕಿದ್ದು ಕೋಡಿಂಗ್ ಕೆಲಸವೇ ಅಥವಾ ಬೇರೆಯೇ ಎಂದು ಕೇಳಬೇಕು. ಆದಾಯ ಹಂಚಿಕೆ ಒಪ್ಪಂದವಿದ್ದರೆ, ಅಂದರೆ ಸಂಬಳ ಇಂತಿಷ್ಟು ಮೊತ್ತ ದಾಟಿದ ಮೇಲೆ ಅದರ ಒಂದು ಪಾಲನ್ನು ಶಾಲೆಗೆ ಕಟ್ಟುವ ಕರಾರಿದ್ದರೆ, ಆ ಮೊತ್ತ ಯಾವುದು, ಎಷ್ಟು ತಿಂಗಳು ಕಟ್ಟಬೇಕು, ನಡುವೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಸಹಿಗೆ ಮುನ್ನ ಮನೆಯವರೊಡನೆ ಕೂತು ಓದಿಕೊಳ್ಳಬೇಕು. ತರಗತಿ ಆರಂಭವಾಗುವ ದಿನವನ್ನೂ ಆಗಲೇ ನೋಡಿಕೊಳ್ಳಬೇಕು: ಅದು ಹೆಸರುಕಾಳಿನ ರಾಶಿಯ ಹೊತ್ತಿಗೆ ಬಿದ್ದು, ಮನೆಯಲ್ಲಿ ಬೇರೆ ಕೈ ಇಲ್ಲದಿದ್ದರೆ, ಅದನ್ನು ಸಂದರ್ಶನದಲ್ಲೇ ತಿಳಿಸಿ ಮುಂದಿನ ತಂಡಕ್ಕೆ ಹೆಸರು ಬರೆಸುವುದು, ಸೇರಿದ ಮೂರನೆಯ ವಾರಕ್ಕೆ ಊರಿಗೆ ಮರಳಬೇಕಾಗಿ ಬರುವುದಕ್ಕಿಂತ ಮೇಲು.